ಓದು ಬಾರದ ತಾಯಿಯೂ ಪಾಠ ಕೇಳಬಲ್ಲಳು

ಬೆಂಗಳೂರಿನ ದಂಡುಪ್ರದೇಶವನ್ನು ದಾಟಿ ಈಶಾನ್ಯಕ್ಕೆ ಸಾಗಿದರೆ ಸಿಗುವ ಬಾಣಸವಾಡಿ ಒಂದು ಕಾಲಕ್ಕೆ ಹೊಲತೋಟಗಳ ನಡುವಣ ಹಳ್ಳಿ. ಇಂದು ನಗರದೊಳಗೊಂದು ನಗರ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲೆಯಾಳಗಳು ಕಿವಿಗೆ ಬೀಳುತ್ತವೆ. ಉದ್ಯೋಗವನ್ನರಸಿ ಬಂದವರ ಹಿಂದಿಯೂ ಈಚೆಗೆ ಅವುಗಳ ಜೊತೆ ಸೇರಿಕೊಂಡಿದೆ. ಇಲ್ಲಿಯ ಎಷ್ಟೋ ಮಕ್ಕಳಿಗೆ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಪಠ್ಯಪುಸ್ತಕದ ಮಾತು ಮತ್ತೊಂದು. ಮಗುವನ್ನು ಶಾಲೆಯ ಬಾಗಿಲಿನವರೆಗೆ ಕರೆತಂದು ಬಿಡುವ ತಾಯಿ, ‘ಒಳಗಿನದು ನನಗೆ ತಿಳಿಯುವ ವಿಷಯವಲ್ಲ’ ಎಂದು ಅಲ್ಲಿಂದಲೇ ಹಿಂದಿರುಗುತ್ತಾಳೆ. ಒಳಗಿರುವ ಉಪಾಧ್ಯಾಯಿನಿ ‘ಈ ತಂದೆತಾಯಿಗಳಿಗೆ ಮಕ್ಕಳ ಓದಿನ ಗೊಡವೆಯೇ ಇಲ್ಲ’ ಎಂದುಕೊಳ್ಳುತ್ತಾರೆ. ಇಬ್ಬರ ಎಣಿಕೆಯೂ ತಪ್ಪು. ಆದರೆ ತಪ್ಪೆಂದು ತಿಳಿಯುವ ಸಂದರ್ಭವೇ ಒದಗುವುದಿಲ್ಲ.

ಒದಗುವ ಸಂದರ್ಭವಾದರೂ ಎಂತಹುದು? ‘ನಾಳೆ ನಿಮ್ಮ ತಂದೆಯನ್ನು ಕರೆದುಕೊಂಡು ಬಾ’ ಎಂಬ ಮಾತನ್ನು ಕೇಳದೆ ಬೆಳೆದ ಹುಡುಗರು ನಮ್ಮಲ್ಲಿ ವಿರಳ. ಆ ಮಾತು ಆಮಂತ್ರಣವಲ್ಲ, ಶಿಕ್ಷೆ. ಗೋಡೆಗೆ ಬಣ್ಣ ಬಳಿಯುವ ತಂದೆ ಅರ್ಧ ದಿನದ ಕೂಲಿಯನ್ನು ಕಳೆದುಕೊಂಡು ಬರುತ್ತಾನೆ; ತಲೆ ತಗ್ಗಿಸಿ ನಿಂತು ಎಲ್ಲಕ್ಕೂ ‘ಆಗಲಿ ಮೇಡಂ’ ಎನ್ನುತ್ತಾನೆ; ಸಂಜೆ ಮನೆಯಲ್ಲಿ ಮಗನಿಗೆ ಎರಡೇಟು ಬೀಳುತ್ತದೆ. ಹುಡುಗನಿಗೆ ಭಾಗಾಕಾರದಲ್ಲಿ ಎಲ್ಲಿ ತೊಡಕಾಗುತ್ತಿದೆಯೆಂಬುದು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ಕಾನೂನು ಈ ಅಂತರವನ್ನು ಕಾಣದೆ ಇಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನನುಸರಿಸಿ ಕರ್ನಾಟಕ ಸರಕಾರವು 2001ರ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಲು ಆಜ್ಞೆ ಮಾಡಿತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಗಳ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕೆಂದೂ, ಅರ್ಧದಷ್ಟು ಸ್ಥಾನಗಳು ಸ್ತ್ರೀಯರದಾಗಿರಬೇಕೆಂದೂ ವಿಧಿಸಿತು. ಒಳ್ಳೆಯ ಕಾಯಿದೆಯೇ. ಆದರೆ ಸಮಿತಿಯ ಮುಂದೆ ಬರುವ ವಿಷಯಗಳು ಸಾಮಾನ್ಯವಾಗಿ ಛಾವಣಿ, ಶೌಚಾಲಯ, ನೀರು, ಬಿಸಿಯೂಟ. ಇವು ಬೇಡವೆಂದು ಯಾರೂ ಹೇಳಲಾರರು. ಮಗುವಿನ ಓದು ಮಾತ್ರ ಕಾರ್ಯಸೂಚಿಯ ಕೊನೆಗೆ ಜಾರಿಬಿಡುತ್ತದೆ. ಸರಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳಿಗಂತೂ ಈ ವಿಧಿಯೇ ಅನ್ವಯಿಸದು. ಮಧ್ಯಮವರ್ಗದ ಬಹುಪಾಲು ಮಕ್ಕಳು ಓದುವುದು ಅಲ್ಲಿಯೇ. ಅಲ್ಲಿ ಪೋಷಕರಿಗೆ ಸಿಗುವುದು ಸಾಲಿನಲ್ಲಿ ಕಾದು ಕುಳಿತ ಮೇಲಿನ ಐದು ನಿಮಿಷ, ಮತ್ತು ಅಂಕಗಳ ಒಂದು ಹಾಳೆ.

ಹಾಗಾದರೆ ಪೋಷಕರು ಮಾಡಬಹುದಾದ ಕೆಲಸವೇನು? ಇದಕ್ಕೆ ಬಾಣಸವಾಡಿಯಂತೆಯೇ ಹಲವು ಭಾಷೆಗಳ ಜನ ಬೆರೆತು ಬಾಳುವ, ಲಂಡನ್ನಿನ ಹ್ಯಾರಿಂಗೇ ಎಂಬ ಭಾಗದಿಂದ ಒಂದು ಉತ್ತರ ದೊರೆತಿದೆ. ಮನಶ್ಶಾಸ್ತ್ರಜ್ಞ ಜ್ಯಾಕ್ ಟಿಜಾರ್ಡ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಅಲ್ಲಿಯ ಶಾಲೆಗಳಲ್ಲಿ ಎರಡು ವರ್ಷಗಳ ಕಾಲ ಒಂದು ಪ್ರಯೋಗ ನಡೆಸಿದರು. ಆರೇಳು ವರ್ಷದ ಕೆಲವು ಮಕ್ಕಳು ಶಾಲೆಯ ಪುಸ್ತಕವನ್ನು ಮನೆಗೊಯ್ದು ತಂದೆತಾಯಿಗಳೆದುರು ಗಟ್ಟಿಯಾಗಿ ಓದಬೇಕು. ಹಿರಿಯರು ಕುಳಿತು ಕೇಳಬೇಕು, ಅಷ್ಟೆ. ಬೇರೆ ಕೆಲವರಿಗೆ ಶಾಲೆಯಲ್ಲಿಯೇ ಅನುಭವಿ ಶಿಕ್ಷಕರೊಬ್ಬರಿಂದ ಹೆಚ್ಚಿನ ಪಾಠ. 1982ರಲ್ಲಿ ಪ್ರಕಟವಾದ ಫಲಿತಾಂಶವು ಹಲವರನ್ನು ಬೆರಗುಗೊಳಿಸಿತು. ಮನೆಯಲ್ಲಿ ಓದಿದ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದಿದ್ದರು. ಹೆಚ್ಚಿನ ಪಾಠ ಹೇಳಿಸಿಕೊಂಡವರಲ್ಲಿ ಅಂಥ ಏಳಿಗೆ ಕಾಣಲಿಲ್ಲ. ಕೇಳುತ್ತಿದ್ದ ತಂದೆತಾಯಿಗಳಲ್ಲಿ ಇಂಗ್ಲಿಷ್ ಬಾರದವರೂ ಇದ್ದರು, ಅಕ್ಷರವನ್ನೇ ಅರಿಯದವರೂ ಇದ್ದರು.

ಇದರಲ್ಲಿ ಮಂತ್ರವೇನೂ ಇಲ್ಲ, ಸ್ವಲ್ಪ ಲೆಕ್ಕವಿದೆ. ಕಾಯಿದೆಯು ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕೆನ್ನುತ್ತದೆ. 40 ನಿಮಿಷಗಳ ಅವಧಿಯನ್ನು 30 ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬನಿಗೆ ದಕ್ಕುವುದು 80 ಸೆಕೆಂಡು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಸಿಕ್ಕಿದರೂ ಅದು ಶಾಲೆಯ ಪಾಲಿನ ಏಳು ಮಡಿಗಿಂತ ಹೆಚ್ಚು. ಅಕ್ಷರ ಬಾರದ ತಾಯಿಗೂ ಮಗುವಿನ ಬೆರಳು ಸಾಲಿನ ನಡುವೆ ನಿಂತದ್ದು ಕಾಣುತ್ತದೆ, ಧ್ವನಿ ತಡವರಿಸಿದ್ದು ಕೇಳುತ್ತದೆ. ಓದಿದ ಮೇಲೆ ‘ಏನು ಕಥೆ ಅದು?’ ಎಂದು ಆಕೆ ತಮಿಳಿನಲ್ಲಿ ಕೇಳಿ, ಮಗು ತಮಿಳಿನಲ್ಲಿಯೇ ಹೇಳಿದರೆ ಪಾಠ ಅರ್ಥವಾಗಿದೆಯೆಂದಾಯಿತು. ಕಂಠಪಾಠ ಮಾಡಿದವನಿಗೆ ಅದು ಸಾಧ್ಯವಿಲ್ಲ.

ಆದರೆ ತಾಯಿ ಕೇಳಬೇಕಾದರೆ ಪುಸ್ತಕ ಮನೆಗೆ ಬರಬೇಕು. ಹರಿದುಹೋದೀತೆಂಬ ಭಯದಿಂದ ಕಥೆಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪದ್ಧತಿ ನಮ್ಮ ಶಾಲೆಗಳಿಂದ ಇನ್ನೂ ಪೂರ್ತಿ ತೊಲಗಿಲ್ಲ. ನಾಲ್ಕು ಪುಸ್ತಕ ಹರಿದರೆ ಹರಿಯಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿಕೆಯ ಏಣಿಯೊಂದು ಗೋಡೆಯ ಮೇಲೆ ಬಂದಿತು. ಅದರ ಮೆಟ್ಟಿಲುಗಳನ್ನು ಚಿತ್ರಗಳಿಂದ ಗುರುತಿಸಬಹುದು. ಸಭೆಗೆ ಬಂದ ತಾಯಿಯನ್ನು ಅಂಥ ಏಣಿಯ ಮುಂದೆ ನಿಲ್ಲಿಸಿ, ‘ಹೋದ ತಿಂಗಳು ನಿಮ್ಮ ಮಗಳು ಇಲ್ಲಿದ್ದಳು, ಈಗ ಇಲ್ಲಿದ್ದಾಳೆ’ ಎಂದು ಬೆರಳಿಟ್ಟು ತೋರಿಸಿದರೆ ಆಕೆಗೆ ಪ್ರೋಗ್ರೆಸ್ ಕಾರ್ಡಿಗಿಂತ ಹೆಚ್ಚು ತಿಳಿಯುತ್ತದೆ. ಆ ಸಭೆ ಬೆಳಗಿನ ಹನ್ನೊಂದಕ್ಕಲ್ಲದೆ, ಕೂಲಿ ಮುಗಿದ ಸಂಜೆಯಲ್ಲೋ ಭಾನುವಾರವೋ ನಡೆಯಬೇಕು. ಉಪಾಧ್ಯಾಯರಿಗೆ ಇದು ಹೆಚ್ಚಿನ ಹೊರೆಯೆಂಬುದು ನಿಜ. ಅದಕ್ಕೆ ಬದಲಿ ರಜೆ ಕೊಡಬೇಕಾದ್ದು ನ್ಯಾಯ.

ಓದುಬರಹ ಬಲ್ಲ ಮನೆಗಳ ಸ್ಥಿತಿ ಇದಕ್ಕಿಂತ ಮೇಲೆಂದು ಭಾವಿಸಬೇಕಾಗಿಲ್ಲ. ಪದವೀಧರೆಯಾದ ತಾಯಿ ಮಗನನ್ನು ಸಂಜೆ ಐದೂವರೆಗೆ ಟ್ಯೂಷನ್ನಿಗೆ ಕಳುಹಿಸುತ್ತಾಳೆ. ಏಳೂವರೆಗೆ ಬಂದವನನ್ನು ‘ಟೆಸ್ಟಿನಲ್ಲಿ ಎಷ್ಟು ಬಂತು?’ ಎಂದು ಕೇಳುತ್ತಾಳೆ. ಏನು ಓದಿದೆಯೆಂದು ಕೇಳುವವರಿಲ್ಲ. ಪೋಷಕರ ಸಭೆಯಲ್ಲಿ ‘ರ‍್ಯಾಂಕು ಎಷ್ಟನೆಯದು?’ ಎಂಬುದನ್ನು ಬಿಟ್ಟು, ‘ಯಾವ ಪಾಠದಲ್ಲಿ ಇವನು ನಿಲ್ಲುತ್ತಾನೆ? ಮನೆಯಲ್ಲಿ ನಾವೇನನ್ನು ಗಮನಿಸಬೇಕು?’ ಎಂದು ಕೇಳಿದರೆ ಉಪಾಧ್ಯಾಯರಿಗೂ ಹೇಳಲು ಮಾತಿರುತ್ತದೆ. ಎಸ್.ಎಸ್.ಎಲ್.ಸಿ.ಯ ಬೀಜಗಣಿತ ತಂದೆಗೆ ಮರೆತಿರಬಹುದು. ಮಗ ವಾರದಲ್ಲಿ ಎರಡು ದಿನ ಶಾಲೆ ತಪ್ಪಿಸಿದ್ದು ಅವನಿಗೆ ಆ ವಾರವೇ ತಿಳಿದರೆ ಸಾಕು, ಮಾರ್ಚಿಯವರೆಗೆ ಕಾಯಬೇಕಾಗಿಲ್ಲ.

ಈಗ ಮೊಬೈಲು ಎಲ್ಲರ ಕೈಯಲ್ಲಿದೆ. ವಾಟ್ಸ್ಯಾಪ್ ಗುಂಪುಗಳಲ್ಲಿ ರಾತ್ರಿ ಹತ್ತಕ್ಕೆ ‘ನಾಳೆ ಯಾವ ಯೂನಿಫಾರಂ?’ ಎಂದು ಕೇಳುವ ಮೂವತ್ತು ಸಂದೇಶಗಳಿಂದ ಉಪಾಧ್ಯಾಯಿನಿಯರು ಬೇಸತ್ತಿದ್ದರೆ ಅದು ಅವರ ದೋಷವಲ್ಲ. ಇಂಗ್ಲಿಷಿನ ಉದ್ದುದ್ದ ಸುತ್ತೋಲೆಗಳೂ ಪಾತ್ರೆ ತೊಳೆದು ದಣಿದು ಬಂದ ತಾಯಿಗೆ ಉಪಯೋಗವಿಲ್ಲ. ಅದರ ಬದಲು ಅರ್ಧ ನಿಮಿಷದ ಧ್ವನಿಸಂದೇಶ ಸಾಕು: ‘ಇಂದು ರಾತ್ರಿ ಹನ್ನೆರಡನೆಯ ಪುಟ ಓದಿಸಿ ಕೇಳಿ.’ ಮರುದಿನ ಪುಸ್ತಕ ಹಿಂದಕ್ಕೆ ಪಡೆಯುವಾಗ ಉಪಾಧ್ಯಾಯಿನಿ ಮಗುವನ್ನು ಒಂದೇ ಪ್ರಶ್ನೆ ಕೇಳಬಹುದು: ‘ನಿನ್ನೆ ಯಾರಿಗೆ ಓದಿ ಹೇಳಿದೆ?’