ಗೋಡೆಗೆ ಎ.ಸಿ. ಕೂರಿಸುವ ಮುನ್ನ



ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಹಾಕಿದರೂ ಬೀಸುವುದು ಬಿಸಿಗಾಳಿಯೇ. ಹಿಂದೆ ಎ.ಸಿ. ಅಂದರೆ ದೊಡ್ಡವರ ಮನೆಯ ವಸ್ತು. ಈಗ ಹಾಗಿಲ್ಲ. ಹೊಲಿಗೆ ಕೇಂದ್ರ, ಬ್ಯೂಟಿ ಪಾರ್ಲರ್, ಕಂಪ್ಯೂಟರ್ ಅಂಗಡಿ ನಡೆಸುವ ನಮ್ಮ ಸಂಘದ ಅಕ್ಕತಂಗಿಯರಿಗೂ ಅದು ಬೇಕಾಗಿದೆ.

ಸಂಘದ ವಾರದ ಸಭೆಯಲ್ಲಿ ಒಬ್ಬ ಸದಸ್ಯೆ ಹೀಗೆ ಕೇಳಿದಳು ಅಂತ ಇಟ್ಟುಕೊಳ್ಳೋಣ: “ಅಕ್ಕಾ, ನನ್ನ ಪಾರ್ಲರ್ ಖೋಲಿಗೆ ಒಂದು ಹಳೇ ಎ.ಸಿ. ಕಡಿಮೆ ರೊಕ್ಕಕ್ಕ ಸಿಗಾಕತ್ತೈತಿ. 15,000 ರೂಪಾಯಿ ಸಾಲ ಕೊಡ್ರಿ. ಗೋಡೆ ಒಡದು ಕೂರಸಾಕ ನಮ್ಮ ಓಣಿ ಹುಡುಗ ಬರ್ತಾನ.”

ಸಾಲ ಕೊಡೋಣ, ತಪ್ಪೇನಿಲ್ಲ. ದುಡಿಮೆಗೆ ಬೇಕಾದ ವಸ್ತು. ಆದರೆ ಕೊಡುವ ಮುಂಚೆ ಸಂಘದ ಪ್ರತಿನಿಧಿ ಒಂದು ಮಾತು ಕೇಳಲೇಬೇಕು: “ನಿಮ್ಮ ಮನೀಗೆ ಅರ್ತಿಂಗ್ ಐತೇನವ್ವಾ?” ಯಂತ್ರದ ಬೆಲೆ ಎಲ್ಲರೂ ಕೇಳುತ್ತಾರೆ. ವೈರು, ಅರ್ತಿಂಗ್, ಗೋಡೆಗೆ ಹಾಕುವ ಕಬ್ಬಿಣ, ಇವುಗಳ ಲೆಕ್ಕ ಯಾರೂ ಕೇಳುವುದಿಲ್ಲ. ಜೀವ ಉಳಿಸುವುದು ಮಾತ್ರ ಇವೇ.

ಇದು ಹೇಗೆ ಕೆಲಸ ಮಾಡುತ್ತದೆ?

ಗೋಡೆಯಲ್ಲಿ ಅಥವಾ ಕಿಟಕಿಯಲ್ಲಿ ಕೂರಿಸುವ ವಿಂಡೋ ಎ.ಸಿ. ಒಂದೇ ಪೆಟ್ಟಿಗೆ. ಅದರ ಮುಂಭಾಗ ಖೋಲಿಯೊಳಗೆ, ಹಿಂಭಾಗ ಹೊರಗೆ. ಒಳಗಿನ ಕೊಳವೆಗಳಲ್ಲಿ ಹರಿಯುವ ಗ್ಯಾಸ್ ಖೋಲಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಗ್ಯಾಸನ್ನು ಒತ್ತಿ ಹಿಂಭಾಗದ ಕೊಳವೆಗಳಿಗೆ ಕಳಿಸುತ್ತದೆ. ಅಲ್ಲಿ ಶಾಖ ಹೊರಗೆ ಹೋಗುತ್ತದೆ. ಅಂದರೆ ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಆದ್ದರಿಂದ ಹಿಂಭಾಗಕ್ಕೆ ಗಾಳಿ ಆಡದಿದ್ದರೆ ಕರೆಂಟ್ ಖರ್ಚು ಜಾಸ್ತಿ, ತಂಪು ಕಡಿಮೆ, ಕಂಪ್ರೆಸರ್ ಬೇಗ ಸುಡುತ್ತದೆ.

‘ಒಂದು ಟನ್’ ಅಂದರೆ ಯಂತ್ರದ ತೂಕವಲ್ಲ, ಶಾಖ ತೆಗೆಯುವ ಶಕ್ತಿ. ಸುಮಾರು 10 ಅಡಿ ಉದ್ದ, 10 ಅಡಿ ಅಗಲದ ಖೋಲಿಗೆ 1 ಟನ್ ಸಾಕು. ಅದಕ್ಕಿಂತ ದೊಡ್ಡ ಖೋಲಿಗೆ, ಇಲ್ಲವೆ ಮೇಲೆ ನೇರ ಬಿಸಿಲು ಬೀಳುವ ಆರ್.ಸಿ.ಸಿ. ಇದ್ದರೆ ಒಂದೂವರೆ ಟನ್ ಬೇಕಾಗಬಹುದು. ತಗಡಿನ ಶೀಟಿನ ಕೆಳಗೆ ಸೀಲಿಂಗ್ ಇಲ್ಲದೆ ಎ.ಸಿ. ಹಾಕಿದರೆ ತೂತು ಕೊಡಕ್ಕೆ ನೀರು ತುಂಬಿದಂತೆ.

ಮೊದಲು ವೈರಿನ ಲೆಕ್ಕ

ಒಂದೂವರೆ ಟನ್ ಎ.ಸಿ. ಓಡುವಾಗ 7-8 ಆಂಪಿಯರ್ ಕರೆಂಟ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಟಿ.ವಿ., ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಪ್ಲಗ್ಗಿಗೆ, ಅದರ ತೆಳು ವೈರಿಗೆ ಈ ಹೊರೆ ತಡೆಯುವುದಿಲ್ಲ. ವೈರು ಗೋಡೆಯೊಳಗೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಆದ್ದರಿಂದ:

1. ಮೇನ್ ಬೋರ್ಡಿನಿಂದ ಎ.ಸಿ.ಗೆಂದೇ ಬೇರೆ ಲೈನ್ ಎಳೆಸಿ. ಐ.ಎಸ್.ಐ. ಗುರುತಿನ ತಾಮ್ರದ ವೈರೇ ಆಗಲಿ. 4 ಚದರ ಮಿ.ಮೀ. ದಪ್ಪದ್ದು ಹಾಕಿಸಿದರೆ ನಿಶ್ಚಿಂತೆ.

2. ಆ ಲೈನಿಗೆ ಪ್ರತ್ಯೇಕ ಎಂ.ಸಿ.ಬಿ., ಕೊನೆಗೆ 16 ಆಂಪಿಯರಿನ ದೊಡ್ಡ ಮೂರು ಪಿನ್ ಸಾಕೆಟ್ ಇರಲಿ. ಎಂ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ ದೊಡ್ಡದನ್ನು ಹಾಕಿಸಿ ಬಾಯಿ ಮುಚ್ಚಿಸಬೇಡಿ. ಅದು ಏನೋ ತಪ್ಪಾಗಿದೆ ಎಂದು ಹೇಳುತ್ತಿದೆ.

3. ಎಕ್ಸ್‌ಟೆನ್ಷನ್ ಬೋರ್ಡು, ನಡುವೆ ಟೇಪ್ ಸುತ್ತಿದ ವೈರು ಬೇಡವೇ ಬೇಡ.

4. ಮನೆಯ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ. 1 ಕಿಲೋವ್ಯಾಟ್ ಇದ್ದರೆ ಎ.ಸಿ.ಗೆ ಸಾಲದು. ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

5. ವೋಲ್ಟೇಜ್ ಏರಿಳಿತ ಇರುವ ಊರಿನಲ್ಲಿ ಸ್ಟೆಬಿಲೈಜರ್ ಹಾಕಿಸಿ. ಆದರೆ ಸ್ಟೆಬಿಲೈಜರ್ ಕಾಯುವುದು ಯಂತ್ರವನ್ನು, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯುವುದು ಅರ್ತಿಂಗ್.

ಅರ್ತಿಂಗ್ ಇಲ್ಲದೆ ಎ.ಸಿ. ಬೇಡ

ಎ.ಸಿ.ಯ ಮೈ ತಗಡಿನದು. ಒಳಗಿನ ವೈರು ಸವೆದೋ, ಇಲಿ ಕಡಿದೋ ಆ ತಗಡಿಗೆ ತಾಗಿದರೆ ಪೆಟ್ಟಿಗೆಯ ಮೈಗೆಲ್ಲ ಕರೆಂಟ್ ಬರುತ್ತದೆ. ಅದಕ್ಕೆ ತಾಗಿದ ಕಬ್ಬಿಣದ ಸ್ಟ್ಯಾಂಡು, ಕಿಟಕಿ ಸರಳಿಗೂ ಬರುತ್ತದೆ. ಅರ್ತಿಂಗ್ ಸರಿಯಿದ್ದರೆ ಆ ಕರೆಂಟ್ ಹಸಿರು ವೈರಿನ ಮೂಲಕ ಹರಿದುಹೋಗಿ, ಎಂ.ಸಿ.ಬಿ. ಬಿದ್ದು ಲೈನ್ ಬಂದಾಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಅದು ಕಾಯುತ್ತಾ ನಿಲ್ಲುತ್ತದೆ. ಮೊದಲು ಮುಟ್ಟಿದವರ ಮೈ ಮೂಲಕವೇ ನೆಲಕ್ಕೆ ಇಳಿಯುತ್ತದೆ. ಬರಿಗಾಲು, ಒದ್ದೆ ಕೈ ಇದ್ದರೆ ಜೀವಕ್ಕೇ ಸಂಚಕಾರ.

ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇದೆ ಅಂದಮಾತ್ರಕ್ಕೆ ಅರ್ತಿಂಗ್ ಇದೆ ಎಂದಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಇದ್ದರೂ ಅಂಗಳದ ಅರ್ತ್ ಗುಂಡಿ ಒಣಗಿ, ತಂತಿ ತುಕ್ಕು ಹಿಡಿದು ಕಡಿದಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆದು ಮೀಟರ್ ಹಚ್ಚಿ ಪರೀಕ್ಷೆ ಮಾಡಿಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಆಗಾಗ ನೀರು ಹಾಕಿ. ಅರ್ತ್ ವೈರನ್ನು ನಳದ ಪೈಪಿಗೋ, ನ್ಯೂಟ್ರಲ್ಲಿಗೋ ಕಟ್ಟಿ ‘ಆಯಿತು’ ಅನ್ನುವವರನ್ನು ನಂಬಬೇಡಿ.

ಇದರ ಜೊತೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಎಂ.ಸಿ.ಬಿ. ವೈರನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಕರೆಂಟ್ ಸ್ವಲ್ಪ ಸೋರಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನ್ ಬಂದ್ ಮಾಡಿ ಮನುಷ್ಯರನ್ನು ಕಾಯುತ್ತದೆ. ಅದರ ಮೇಲೆ ‘ಟೆಸ್ಟ್’ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಕೆಟ್ಟಿದೆ ಎಂದರ್ಥ.

ಎ.ಸಿ. ಇಲ್ಲದ ಅಕ್ಕಂದಿರೇ, ನೀರು ತುಂಬುವ ತಗಡಿನ ಕೂಲರಿಗೂ ಇದೇ ಮಾತು. ಕೂಲರಿಗೆ ನೀರು ಹಾಕುವಾಗ ಪ್ಲಗ್ ಕಿತ್ತೇ ಹಾಕಿ.

ಗೋಡೆ ಒಡೆಯುವಾಗ

ಒಂದೂವರೆ ಟನ್ ವಿಂಡೋ ಎ.ಸಿ.ಯ ತೂಕ ಸುಮಾರು 50 ಕಿಲೋ, ಅಂದರೆ ಒಂದು ಮೂಟೆ ಸಿಮೆಂಟಿನಷ್ಟು. ಅದು ಬೀದಿಯ ಮೇಲೆ ತೂಗುತ್ತಿರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಎ.ಸಿ. ಮೆಕ್ಯಾನಿಕ್ ಒಬ್ಬನೇ ಸಾಲದು, ಅನುಭವ ಇರುವ ಗೌಂಡಿಯೂ ಬೇಕು.

• ಕಂಬ, ಬೀಮು, ಲಿಂಟಲ್ ಇರುವಲ್ಲಿ ಒಡೆಯಬಾರದು. ಗೋಡೆಯಲ್ಲಿ ಹೊಸದಾಗಿ ತೂತು ಮಾಡಿದರೆ ಅದರ ಮೇಲೂ ಲಿಂಟಲ್ ಕೊಡಿಸಬೇಕು. ಮಣ್ಣಿನ ಗೋಡೆಗೆ ಈ ಭಾರ ಹೇರಬೇಡಿ.

• ತೂತಿನ ಸುತ್ತ ಗಟ್ಟಿ ಚೌಕಟ್ಟು, ಹೊರಗೆ ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಬೇಕು. ಹಲಗೆ, ಇಟ್ಟಿಗೆ ಜೋಡಿಸಿ ನಿಲ್ಲಿಸುವುದು ಅಪಾಯ. ಮಾಳಿಗೆಯ ಮೇಲಾದರೆ ಕೂರಿಸುವಾಗ ಕೆಳಗೆ ಮಕ್ಕಳು, ದನಕರು ಓಡಾಡದಂತೆ ನೋಡಿಕೊಳ್ಳಿ.

• ಪೆಟ್ಟಿಗೆಯ ಎಡ ಬಲ ಬದಿಗಳಲ್ಲಿ ಗಾಳಿ ಸೀಳುಗಳು ಇರುತ್ತವೆ. ಅವು ಪೂರ್ತಿ ಗೋಡೆಯಿಂದ ಹೊರಗೆ ಇರಬೇಕು. ನಮ್ಮ ಕಡೆ ಕಲ್ಲಿನ ಗೋಡೆಗಳು ದಪ್ಪ. ಸೀಳುಗಳು ಗೋಡೆಯೊಳಗೆ ಹೂತುಹೋದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಕೊಳ್ಳುವ ಮುಂಚೆಯೇ ಗೋಡೆಯ ದಪ್ಪ ಅಳೆಯಿರಿ.

• ಹಿಂಭಾಗ ಸ್ವಲ್ಪ ತಗ್ಗಿರಬೇಕು. ಆಗ ನೀರು ಹೊರಗೆ ಹರಿಯುತ್ತದೆ. ಆ ನೀರು ನೆರೆಮನೆಯವರ ಬಾಗಿಲಿಗೋ, ಕರೆಂಟ್ ಮೀಟರಿನ ಮೇಲೋ ಬೀಳದಂತೆ ಪೈಪ್ ಹಾಕಿಸಿ.

• ಹಿಂಭಾಗ ಅಡುಗೆಮನೆಗೋ, ಇನ್ನೊಂದು ಖೋಲಿಗೋ ತೆರೆಯಬಾರದು. ಸುತ್ತಲಿನ ಸಂದುಗಳನ್ನು ಫೋಮ್ ತುಂಬಿ ಮುಚ್ಚಿಸಿ, ಇಲ್ಲದಿದ್ದರೆ ಇಲಿಗಳು ಸೇರಿ ವೈರು ಕಡಿಯುತ್ತವೆ.

• ಎ.ಸಿ. ಸ್ಟ್ಯಾಂಡಿಗೆ ಬಟ್ಟೆ ಒಣಹಾಕುವ ತಂತಿಯನ್ನು ಎಂದಿಗೂ ಕಟ್ಟಬೇಡಿ. ಒದ್ದೆ ಸೀರೆ ಹಿಡಿದ ಕೈಗೆ ಶಾಕ್ ಹೊಡೆಯುವುದು ಹೀಗೆಯೇ.

ನಾವೇ ಮಾಡಬಹುದಾದ ಸರ್ವಿಸ್

ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು ನಮ್ಮ ಕೆಲಸ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಹಾಕಿ. ಮುಂದಿನ ಮುಚ್ಚಳ ತೆರೆದು ಜಾಲರಿ ಎಳೆದು ತೆಗೆಯಿರಿ. ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಧೂಳು ತುಂಬಿದ ಫಿಲ್ಟರಿನಿಂದ ಒಳಗೆ ಐಸ್ ಕಟ್ಟಿ ನೀರು ಸೋರುತ್ತದೆ, ಬಿಲ್ಲೂ ಏರುತ್ತದೆ.

ಕರೆಂಟ್ ಹೋಗಿ ಬಂದರೆ ತಕ್ಷಣ ಎ.ಸಿ. ಹಾಕಬೇಡಿ. ಮೂರು ನಿಮಿಷ ಬಿಟ್ಟು ಹಾಕಿ. ಬಾಗಿಲು ಮುಚ್ಚಿದ ಖೋಲಿಯಲ್ಲಿ ಇದ್ದಿಲ ಕೆಂಡ ಇಡಬೇಡಿ, ಗ್ಯಾಸ್ ಒಲೆ ಹಚ್ಚಬೇಡಿ. ವಿಷಗಾಳಿ ತುಂಬಿ ನಿದ್ದೆಯಲ್ಲೇ ಜೀವ ಹೋದೀತು.

ಇಷ್ಟೇ ನಮ್ಮ ಕೆಲಸ. ಇದಕ್ಕಿಂತ ಮುಂದೆ ಕವಚ ಬಿಚ್ಚಬಾರದು. ಒಳಗೆ ಕೆಪಾಸಿಟರ್ ಎಂಬ ಡಬ್ಬಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕರೆಂಟನ್ನು ಹಿಡಿದಿಟ್ಟುಕೊಂಡಿದ್ದು, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ.

ಮೆಕ್ಯಾನಿಕ್ ಬಂದಾಗ ಏನು ನೋಡಬೇಕು?

ವರ್ಷಕ್ಕೊಮ್ಮೆಯಾದರೂ, ಬೇಸಿಗೆಗೆ ಮುಂಚೆ, ತರಬೇತಿ ಪಡೆದ ಮೆಕ್ಯಾನಿಕ್ ಕರೆಸಿ. ಯಂತ್ರ ಹೊರಗೆ ಎಳೆಯಲು ಇಬ್ಬರು ಬೇಕು. ನೀರಿನಿಂದ ತೊಳೆಯುವಾಗ ಮೋಟಾರು, ವೈರುಗಳ ಭಾಗವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು. ಒಣಗಿದ ಮೇಲೆಯೇ ಪ್ಲಗ್ ಹಾಕಬೇಕು.

“ಗ್ಯಾಸ್ ಖಾಲಿ ಆಗೈತಿ, ತುಂಬಸ್ಬೇಕು” ಅಂದರೆ ಒಂದು ಪ್ರಶ್ನೆ ಕೇಳಿ: “ಎಲ್ಲಿ ಸೋರೈತಿ ತೋರಿಸಪ್ಪಾ?” ಎ.ಸಿ. ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಮುಚ್ಚದೆ ತುಂಬಿಸಿದರೆ ರೊಕ್ಕ ಗಾಳಿಗೆ ಹೋಯಿತು.

ಹಳೆಯ ಯಂತ್ರಗಳಲ್ಲಿ ಆರ್-22 ಗ್ಯಾಸ್, ಹೊಸತರಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ. ಯಾವುದೆಂದು ಯಂತ್ರದ ಮೇಲಿನ ಪಟ್ಟಿಯಲ್ಲಿ ಬರೆದಿರುತ್ತದೆ. ಒಂದರದನ್ನು ಇನ್ನೊಂದಕ್ಕೆ ತುಂಬಬಾರದು. ಆರ್-32 ಬೆಂಕಿ ಹತ್ತುವ ಗುಣದ್ದು. ಪೈಪ್ ಬೆಸುಗೆಯನ್ನು ಬಯಲಿನಲ್ಲಿ, ಗ್ಯಾಸ್ ಪೂರ್ತಿ ತೆಗೆದ ಮೇಲೆಯೇ ಮಾಡಬೇಕು. ಸೋರಿಕೆ ಪರೀಕ್ಷೆಗೆ ನೈಟ್ರೋಜನ್ ಬಳಸಬೇಕು. ಆಕ್ಸಿಜನ್ ಸಿಲಿಂಡರ್ ತಂದು ಪೈಪಿಗೆ ಹಚ್ಚಿದರೆ ಕೂಡಲೇ ನಿಲ್ಲಿಸಿ. ಕಂಪ್ರೆಸರಿನ ಎಣ್ಣೆ ಮತ್ತು ಆಕ್ಸಿಜನ್ ಸೇರಿದರೆ ಬಾಂಬಿನಂತೆ ಸಿಡಿಯುತ್ತದೆ. ನಮ್ಮ ಮಕ್ಕಳೂ ಈ ಕೆಲಸ ಕಲಿಯುತ್ತಿದ್ದಾರೆ. ಅವರಿಗೂ ಈ ಮಾತು ಹೇಳಿ.

ಅಪಾಯದ ಸೂಚನೆಗಳು

ಪ್ಲಗ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಮೈ ಜುಮ್ಮೆನ್ನುವುದು, ಸ್ಟ್ಯಾಂಡ್ ಅಲುಗಾಡುವುದು: ಇವುಗಳಲ್ಲಿ ಒಂದು ಕಂಡರೂ ಎಂ.ಸಿ.ಬಿ. ಇಳಿಸಿ, ಎಲೆಕ್ಟ್ರಿಷಿಯನ್ ನೋಡುವ ತನಕ ಹಾಕಬೇಡಿ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಕೈಯಿಂದ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ಕಟ್ಟಿಗೆಯಿಂದ ದೂಡಿ. 108ಕ್ಕೆ ಫೋನ್ ಮಾಡಿ. ಕರೆಂಟ್ ಇರುವ ಬೆಂಕಿಗೆ ನೀರು ಹಾಕಬೇಡಿ; ಮೇನ್ ಆರಿಸಿ, ಹೊರಗೆ ಬಂದು 101ಕ್ಕೆ ತಿಳಿಸಿ. ಬೀದಿ ಕಡೆಯ ವಿದ್ಯುತ್ ತೊಂದರೆಗೆ 1912.

ಬಿಲ್ಲಿನ ಮಾತು

ಒಂದೂವರೆ ಟನ್ ಎ.ಸಿ. ಸತತ ಓಡಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್. ದಿನಕ್ಕೆ 6 ಗಂಟೆ ಅಂದರೆ 9 ಯೂನಿಟ್, ತಿಂಗಳಿಗೆ 270. ಕಂಪ್ರೆಸರ್ ನಡುನಡುವೆ ನಿಲ್ಲುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆ ಬರಬಹುದು. ಆದರೂ 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬುದನ್ನು ಮರೆಯಬೇಡಿ. ಆ ಯೋಜನೆ ಮನೆ ಬಳಕೆಗೆ ಮಾತ್ರ, ಅಂಗಡಿಯ ಮೀಟರಿಗಿಲ್ಲ. ಎ.ಸಿ.ಯನ್ನು 24 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಈಗ ಸಾಲ ಕೇಳಿದ ನಮ್ಮ ತಂಗಿಯ ವಿಷಯಕ್ಕೆ ಬರೋಣ. ಆಕೆಗೆ ‘ಇಲ್ಲ’ ಅನ್ನಬೇಡಿ. “ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಿಕೊಂಡು ಬಾರವ್ವಾ, ವೈರು, ಸ್ಟ್ಯಾಂಡಿನ ಖರ್ಚನ್ನೂ ಸೇರಿಸಿ ಸಾಲ ಬರಿಯೋಣ” ಅನ್ನಿ. ಸಾಲ ಸ್ವಲ್ಪ ದೊಡ್ಡದಾಗಬಹುದು, ಅಥವಾ ಎ.ಸಿ. ಮುಂದಿನ ಬೇಸಿಗೆಗೆ ಹೋಗಬಹುದು. ಪರವಾಗಿಲ್ಲ. ಸಾಲ ಕಂತಿನಲ್ಲಿ ತೀರುತ್ತದೆ, ಹೋದ ಜೀವ ಯಾವ ಕಂತಿಗೂ ಬರುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸದಸ್ಯೆಯರ ಎಷ್ಟು ಮನೆಗಳಲ್ಲಿ ಅರ್ತಿಂಗ್ ಪರೀಕ್ಷೆ ಆಗಿದೆ?

2. ಎಲ್ಲರೂ ಸೇರಿ ಒಂದೇ ದಿನ ಎಲೆಕ್ಟ್ರಿಷಿಯನ್ ಕರೆಸಿದರೆ ಖರ್ಚು ಎಷ್ಟು ಉಳಿಯುತ್ತದೆ?

3. ಕರೆಂಟಿನ ಸಾಮಾನು ಕೊಳ್ಳುವ ಸಾಲಕ್ಕೆ ‘ಅರ್ತಿಂಗ್ ಇರಬೇಕು’ ಎಂಬ ನಿಯಮವನ್ನು ನಮ್ಮ ಸಂಘದ ಠರಾವು ಪುಸ್ತಕದಲ್ಲಿ ಬರೆಯೋಣವೇ?