ಎಸ್‌ಎಸ್‌ಡಿಯೂ ಅದರ ಶಾಖವೂ

ಲ್ಯಾಪ್‌ಟಾಪಿನ ಸಂಗ್ರಹವು ತುಂಬಿಹೋದಾಗ ಅದರೊಳಗಿನ ಚಿಕ್ಕ ಎಸ್‌ಎಸ್‌ಡಿಯನ್ನು ತೆಗೆದು ಹೆಚ್ಚು ಹಿರಿದಾದ, ಹೆಚ್ಚು ವೇಗದ ಎಸ್‌ಎಸ್‌ಡಿಯನ್ನು ಕೂಡಿಸುವುದು ಈಗ ವಾಡಿಕೆಯಾಗಿದೆ. ಕೊಳ್ಳುವವರು ಬೆಲೆಯನ್ನು ನೋಡುವರು, ಸಂಗ್ರಹದ ಪ್ರಮಾಣವನ್ನು ನೋಡುವರು, ವೇಗವನ್ನು ನೋಡುವರು. ಅದರಲ್ಲಿ ಹುಟ್ಟುವ ಶಾಖವು ಯಾವ ದಾರಿಯಿಂದ ಹೊರಹೋಗಬೇಕು ಎಂದು ಕೇಳುವವರು ವಿರಳ. ಕೊಟ್ಟ ಹಣಕ್ಕೆ ತಕ್ಕ ವೇಗವು ದೊರೆಯುವುದೂ ದೊರೆಯದಿರುವುದೂ ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿರುವುದರಿಂದ ಅದನ್ನು ಇಲ್ಲಿ ವಿಚಾರಿಸೋಣ.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಬಳಸುವ ಎಸ್‌ಎಸ್‌ಡಿಯನ್ನು ಎಂ.2 2280 ಎಂದು ಕರೆಯುವರು. ಅಂಕಿಗಳೇ ಅದರ ಅಳತೆಯನ್ನು ಹೇಳುವುವು: ಅಗಲ 22 ಮಿ.ಮೀ., ಉದ್ದ 80 ಮಿ.ಮೀ. ಈ ತೆಳುವಾದ ಹಲಗೆಯ ಮೇಲೆ ಮುಖ್ಯವಾಗಿ ಎರಡು ಬಗೆಯ ಚಿಪ್ಪುಗಳಿವೆ. ಮಾಹಿತಿಯನ್ನು ಹಿಡಿದಿಡುವ ಫ್ಲಾಶ್ ಚಿಪ್ಪುಗಳು ಒಂದು. ಅವುಗಳನ್ನು ಆಳುವ ನಿಯಂತ್ರಕವು ಇನ್ನೊಂದು. ಹಾರ್ಡ್ ಡಿಸ್ಕಿನಲ್ಲಿರುವಂತೆ ತಿರುಗುವ ತಟ್ಟೆಯು ಇಲ್ಲಿ ಇಲ್ಲ. ಆದರೂ ಶಾಖವೇಕೆ? ಬರೆಯುವಾಗ ಇಲೆಕ್ಟ್ರಾನುಗಳನ್ನು ನಿರೋಧಕ ಪದರವನ್ನು ದಾಟಿಸಿ ಸೆರೆಯಿಡಬೇಕಾಗುವುದು. ನಿಯಂತ್ರಕವಾದರೋ ಎಡೆಬಿಡದೆ ಲೆಕ್ಕ ಹಾಕುತ್ತ, ತಪ್ಪುಗಳನ್ನು ತಿದ್ದುತ್ತ ಇರುವುದು. ಇವುಗಳಿಗೆ ವ್ಯಯವಾದ ವಿದ್ಯುಚ್ಛಕ್ತಿಯೆಲ್ಲವೂ ಕೊನೆಗೆ ಶಾಖವಾಗಿಯೇ ಪರಿಣಮಿಸುವುದು.

ವೇಗವು ಏರಿದಂತೆ ಈ ವ್ಯಯವೂ ಏರಿದೆ. ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುವ ಸಾಟಾ ಎಸ್‌ಎಸ್‌ಡಿಯು ಭರದಿಂದ ಕೆಲಸ ಮಾಡುವಾಗ 2–3 ವಾಟ್ ಬಳಸಿದರೆ, 7,000 ಮೆಗಾಬೈಟ್ ಓದುವ ಪಿಸಿಐಇ ನಾಲ್ಕನೆಯ ತಲೆಮಾರಿನ ಎಸ್‌ಎಸ್‌ಡಿಯು 6–8 ವಾಟ್ ಬಳಸುವುದು.

ಆರು ವಾಟ್ ಅಲ್ಪವೆಂದು ತೋರಬಹುದು. ಸ್ವಲ್ಪ ಲೆಕ್ಕ ಹಾಕೋಣ. ಹಲಗೆಯ ತೂಕ ಸುಮಾರು 8 ಗ್ರಾಂ. ಅದರ ಪ್ರತಿ ಗ್ರಾಮನ್ನು 1 ಡಿಗ್ರಿ ಏರಿಸಲು ಸುಮಾರು 1 ಜೌಲ್ ಶಾಖ ಬೇಕೆಂದು ಹಿಡಿದರೆ, ಇಡಿಯ ಹಲಗೆಗೆ 8 ಜೌಲ್ ಸಾಕು. ಆರು ವಾಟ್ ಎಂದರೆ ಸೆಕೆಂಡಿಗೆ 6 ಜೌಲ್, ನಿಮಿಷಕ್ಕೆ 360 ಜೌಲ್. ಶಾಖವು ಕಿಂಚಿತ್ತೂ ಹೊರಹೋಗದಿದ್ದಲ್ಲಿ ಒಂದೇ ನಿಮಿಷದಲ್ಲಿ ಉಷ್ಣತೆಯು 45 ಡಿಗ್ರಿ ಏರಿ, 30 ಡಿಗ್ರಿಯಲ್ಲಿದ್ದದ್ದು 75 ಡಿಗ್ರಿಯನ್ನು ಮುಟ್ಟುವುದು. ಅನೇಕ ತಯಾರಕರು ವಿಧಿಸಿರುವ ಮೇರೆಯು 70 ಡಿಗ್ರಿ ಸೆಲ್ಸಿಯಸ್. ವಾಸ್ತವದಲ್ಲಿ ಒಂದಷ್ಟು ಶಾಖವು ಹೊರಹೋಗುತ್ತಲೇ ಇರುವುದರಿಂದ ಏರಿಕೆಯು ಇಷ್ಟು ತೀವ್ರವಲ್ಲ. ಆದರೆ ಕೆಲಸವು ದೀರ್ಘವಾದರೆ ಮೇರೆಯು ದೂರವಿಲ್ಲ.

ಮೇರೆಯನ್ನು ಮುಟ್ಟಿದಾಗ ನಿಯಂತ್ರಕವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಇದು ದೋಷವಲ್ಲ, ಆತ್ಮರಕ್ಷಣೆ. ಆದರೆ ಹೆಚ್ಚು ಹಣ ತೆತ್ತು ಪಡೆದ ವೇಗವು ಅಷ್ಟು ಹೊತ್ತು ಇಲ್ಲದಂತಾಗುವುದು.

ಹಾಗಾದರೆ ಶಾಖಕ್ಕೆ ದಾರಿ ಯಾವುದು? ಗಾಳಿಯ ಶಾಖವಾಹಕತ್ವವನ್ನು 1 ಎಂದು ಎಣಿಸಿದರೆ ಸಾಧಾರಣ ಥರ್ಮಲ್ ಪ್ಯಾಡಿನದು ಸುಮಾರು 200, ಅಲ್ಯೂಮಿನಿಯಮ್ಮಿನದು 9,000, ತಾಮ್ರದ್ದು 15,000. ಚಿಪ್ಪಿಗೂ ಮೇಲಿನ ಲೋಹಕ್ಕೂ ನಡುವೆ ಒಂದು ಮಿ.ಮೀ. ಗಾಳಿಯ ಪದರವಿದ್ದರೂ ಅದು ಕಂಬಳಿಯಂತೆ ಶಾಖವನ್ನು ತಡೆಯುವುದು. ಮೆತ್ತನೆಯ ಥರ್ಮಲ್ ಪ್ಯಾಡು ಆ ಗಾಳಿಯನ್ನು ಹೊರದೂಡಿ ಸೇತುವೆಯಾಗುವುದು. ಸೇತುವೆಯ ಆಚೆಗೂ ದಡವಿರಬೇಕೆಂಬುದನ್ನು ಮರೆಯಬಾರದು. ಪ್ಯಾಡಿನ ಮೇಲೆ ಲೋಹದ ಫಲಕವೋ ಲ್ಯಾಪ್‌ಟಾಪಿನ ಲೋಹದ ತಳವೋ ಇದ್ದರೆ ಶಾಖವು ಹರಡಿಹೋಗುವುದು. ಬರಿಯ ಪ್ಲಾಸ್ಟಿಕ್ ಇದ್ದರೆ ಲಾಭವು ಸ್ವಲ್ಪವೇ. ಮೇಜಿನ ಕಂಪ್ಯೂಟರಿಗೆ ಮಾಡಿದ ಎತ್ತರದ ಹೀಟ್ ಸಿಂಕ್ ಲ್ಯಾಪ್‌ಟಾಪಿನಲ್ಲಿ ಹಿಡಿಸದು.

ಪ್ಯಾಡು ಅಗತ್ಯಕ್ಕಿಂತ ದಪ್ಪವಾಗಿರಲೂ ಬಾರದು. ದಪ್ಪವು ಇಮ್ಮಡಿಯಾದರೆ ಶಾಖದ ದಾರಿಗಿರುವ ತಡೆಯೂ ಇಮ್ಮಡಿಯಾಗುವುದು. ಮೇಲಾಗಿ ಮುಚ್ಚಳವನ್ನು ಬಿಗಿದಾಗ ಹಲಗೆಯು ಬಾಗುವುದು. ಹಲಗೆಯ ಎರಡು ಬದಿಗೂ ಚಿಪ್ಪುಗಳಿರುವ ಎಸ್‌ಎಸ್‌ಡಿಗೆ ಕೆಳಗಡೆ ಸುಮಾರು 1.5 ಮಿ.ಮೀ. ವರೆಗೆ ಹೆಚ್ಚಿನ ಎಡೆ ಬೇಕು. ತೆಳು ಲ್ಯಾಪ್‌ಟಾಪಿಗೆ ಒಂದೇ ಬದಿಯದೇ ಲೇಸು. ಸ್ಲಾಟು ಮೂರನೆಯ ತಲೆಮಾರಿನದಾಗಿದ್ದರೆ ಐದನೆಯದನ್ನು ಕೊಂಡು ಪ್ರಯೋಜನವಿಲ್ಲ. ಸ್ಲಾಟಿನ ವೇಗವನ್ನು ಅದು ಮೀರಲಾರದು. ಎಸ್‌ಎಸ್‌ಡಿಯ ಮೇಲಿನ ಚೀಟಿಯನ್ನು ಕೀಳತಕ್ಕದ್ದಲ್ಲ. ಕೆಲವು ಚೀಟಿಗಳಲ್ಲಿ ಶಾಖವನ್ನು ಹರಡಲೆಂದೇ ತಾಮ್ರದ ತಗಡಿರುವುದು, ಕಿತ್ತರೆ ವಾರಂಟಿಯೂ ಹೋಗಬಹುದು.

ಹಳೆಯ ಎಸ್‌ಎಸ್‌ಡಿಯಲ್ಲಿರುವುದನ್ನೆಲ್ಲ ಹೊಸದಕ್ಕೆ ನಕಲು ಮಾಡುವ ವೇಳೆಯೇ ಶಾಖದ ನಿಜವಾದ ಪರೀಕ್ಷೆ. ನೂರಾರು ಗಿಗಾಬೈಟ್ ಒಂದೇ ಸಮನೆ ಬರೆಯುವ ಪ್ರಸಂಗ ಆಮೇಲೆ ಅಪರೂಪ. ಆಗ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಗಟ್ಟಿಯಾದ ಮೇಜಿನ ಮೇಲಿಟ್ಟು ಅಡಿಗೆ ಗಾಳಿಯಾಡಲು ಬಿಡತಕ್ಕದ್ದು. ಎಸ್‌ಎಸ್‌ಡಿಯ ಉಷ್ಣತೆಯು ಕೋಣೆಯ ಉಷ್ಣತೆಯ ಮೇಲೆ ಏರುವಂಥದಾದುದರಿಂದ, ರಾಯಚೂರು ಕಲಬುರಗಿಗಳ 40 ಡಿಗ್ರಿಯ ಬೇಸಿಗೆಯಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಯೋಗ್ಯ. ಎಸ್‌ಎಸ್‌ಡಿಯೊಳಗೇ ಉಷ್ಣತಾಮಾಪಕವಿದೆ, ಎನ್‌ವಿಎಂಇ ಮಾದರಿಯದು ತನ್ನ ಉಷ್ಣತೆಯನ್ನು ಕೆಲ್ವಿನ್ ಮಾನದಲ್ಲಿ ವರದಿ ಮಾಡುವುದು. ಅದನ್ನು ಸೆಲ್ಸಿಯಸ್ಸಿಗೆ ತಿರುಗಿಸಿ ತೋರಿಸುವ ತಂತ್ರಾಂಶಗಳು ಸುಲಭವಾಗಿ ದೊರೆಯುವುವು.

ತೆಗೆದಿಟ್ಟ ಹಳೆಯ ಎಸ್‌ಎಸ್‌ಡಿಯ ವಿಷಯದಲ್ಲೂ ಒಂದು ಮಾತು. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯು ಬರೆಹದ ಆಯುಷ್ಯವನ್ನೆಲ್ಲ ತೀರಿಸಿದ ಮೇಲೂ ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಮಾಹಿತಿಯನ್ನು ಉಳಿಸಬೇಕು. ಉಷ್ಣತೆಯು ಹೆಚ್ಚಿದಂತೆ ಸೆರೆಯಲ್ಲಿರುವ ಇಲೆಕ್ಟ್ರಾನುಗಳು ಬೇಗ ಸೋರಿಹೋಗುವುದರಿಂದ ಈ ಅವಧಿಯು ಕುಗ್ಗುವುದು. ಮಕ್ಕಳ ಭಾವಚಿತ್ರಗಳೋ ಮನೆಯ ಲೆಕ್ಕಪತ್ರಗಳೋ ಅದರಲ್ಲಿದ್ದರೆ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟು ಮರೆಯುವುದು ಉಚಿತವಲ್ಲ.

ಶಾಖವನ್ನು ಇಲ್ಲವಾಗಿಸುವುದು ಯಾರಿಂದಲೂ ಆಗದು. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಅಷ್ಟೆ. ಲ್ಯಾಪ್‌ಟಾಪಿನಲ್ಲಿ ಆ ಸಾಗಣೆಗೆ ಎಷ್ಟು ಎಡೆಯಿದೆ ಎಂಬುದನ್ನು ಮುಚ್ಚಳ ತೆರೆದು ಮೊದಲು ಕಂಡುಕೊಂಡು, ಅದಕ್ಕೆ ಹೊಂದುವ ಎಸ್‌ಎಸ್‌ಡಿಯನ್ನು ಆಮೇಲೆ ಆರಿಸುವುದೇ ಸರಿಯಾದ ಕ್ರಮ.