ಎಪ್ಪತ್ತರ ಸವಾರನಿಗೆ ಎದುರಾಳಿ ಯಾರು?

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಸೈಕಲ್ ಒಕ್ಕೂಟ ಪೊಲೀಸರ ಕೆಂಗಣ್ಣಿಗೆ ಹೆದರಿ ಸಾರ್ವಜನಿಕ ರಸ್ತೆಗಳಲ್ಲಿ ರೇಸುಗಳನ್ನು ನಿಷೇಧಿಸಿಬಿಟ್ಟಿತು. ಅದಕ್ಕೆ ಎಫ್. ಟಿ. ಬಿಡ್ಲೇಕ್ 1895ರಲ್ಲಿ ಕಂಡುಕೊಂಡ ಉಪಾಯವೇ ಟೈಮ್ ಟ್ರಯಲ್. ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುವುದು, ಗಡಿಯಾರ ನೋಡಿ ಗೆದ್ದವರನ್ನು ಹೇಳುವುದು. ವಯಸ್ಸಾದವರಿಗೆ ಇದು ಅನುಕೂಲವೇ ಆಯಿತು, ಏಕೆಂದರೆ ಒಂಟಿಯಾಗಿ ತುಳಿಯುವವನನ್ನು ಯಾರ ಜೊತೆಗೆ ಬೇಕಾದರೂ ಹೋಲಿಸಬಹುದು. ನಲವತ್ತು ದಾಟಿದವರಿಗಾಗಿ ಮುಂದೆ ಹುಟ್ಟಿದ ಅಲ್ಲಿನ ಸಂಘ ಪ್ರತಿ ವಯಸ್ಸಿಗೂ ಪ್ರತಿ ದೂರಕ್ಕೂ ಒಂದು ಮಾನಕ ಸಮಯ ಗೊತ್ತುಮಾಡಿತು, ತನ್ನ ಮಾನಕಕ್ಕಿಂತ ಹೆಚ್ಚು ಸಮಯ ಉಳಿಸಿದವರೇ ವಿಜೇತರು. ಎಪ್ಪತ್ತರವರಿಗೆ ಮೂವತ್ತು ನಿಮಿಷ, ನಲವತ್ತೈದರವರಿಗೆ ಇಪ್ಪತ್ತೈದು ಎಂದಿಟ್ಟುಕೊಳ್ಳಿ. ಅಜ್ಜ ಇಪ್ಪತ್ತೇಳಕ್ಕೆ ಮುಗಿಸಿ, ಕಿರಿಯ ಇಪ್ಪತ್ಮೂರಕ್ಕೆ ಮುಗಿಸಿದರೆ ಗೆದ್ದವರು ಅಜ್ಜನೇ.

ತೊಡಕು ಶುರುವಾಗುವುದು ಎಲ್ಲರೂ ಒಟ್ಟಿಗೆ ಹೊರಡುವ ರೇಸಿನಲ್ಲಿ. ಯುದ್ಧದಿಂದಾಗಿ ರಸ್ತೆಗಳು ಖಾಲಿಯಿದ್ದ 1942ರಲ್ಲಿ ಪರ್ಸಿ ಸ್ಟಾಲರ್ಡ್ ಲ್ಯಾಂಗೊಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ವರೆಗೆ ಅಂಥ ರೇಸ್ ನಡೆಸಿ, ಒಕ್ಕೂಟದಿಂದ ಬಹಿಷ್ಕಾರವನ್ನೂ ಹೊತ್ತುಕೊಂಡರು. ಅದೇ ಮನುಷ್ಯ 1980ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಹಿರಿಯ ಸವಾರರ ರೇಸುಗಳಿಗೆಂದೇ ಬೇರೊಂದು ಲೀಗ್ ಕಟ್ಟಲು ನಿಂತರು. ನಲವತ್ತರಿಂದ ನಲವತ್ನಾಲ್ಕು, ನಲವತ್ತೈದರಿಂದ ನಲವತ್ತೊಂಬತ್ತು ಹೀಗೆ ಐದೈದು ವರ್ಷದ ವಯೋಗುಂಪುಗಳು ಆ ಲೀಗಿನ ಬುನಾದಿ. ಇದು ಬರೀ ಹಿರಿಯರ ಮೇಲಿನ ಮರ್ಯಾದೆಯ ಮಾತಲ್ಲ, ಲೆಕ್ಕದ ಮಾತು. ಸಮತಟ್ಟಾದ ರಸ್ತೆಯಲ್ಲಿ ಒಂಟಿ ಸವಾರನ ಶಕ್ತಿ ಶೇ 10ರಷ್ಟು ಕುಗ್ಗಿದರೂ ವೇಗ ಇಳಿಯುವುದು ಸುಮಾರು ಶೇ 3ರಿಂದ 4 ಮಾತ್ರ, ಗಾಳಿಯ ಪ್ರತಿರೋಧದ ಗುಣವೇ ಅಂಥದ್ದು. ಕಡಿದಾದ ಏರಿನಲ್ಲಿ ಹಾಗಲ್ಲ, ಕುಗ್ಗಿದ ಶಕ್ತಿ ಬಹುತೇಕ ಅಷ್ಟೂ ವೇಗದಲ್ಲಿ ಕಾಣುತ್ತದೆ. ಗುಂಪಿನೊಳಗೆ ಮುಂದಿನವನ ಹಿಂಬದಿ ಚಕ್ರಕ್ಕೆ ಅಂಟಿಕೊಂಡು ಶ್ರಮ ಉಳಿಸುತ್ತಿದ್ದವನು ಏರಿನಲ್ಲಿ ಹತ್ತು ಮೀಟರ್ ಹಿಂದೆ ಬಿದ್ದರೆ ಗಾಳಿಯ ಮರೆ ತಪ್ಪುತ್ತದೆ, ಆಮೇಲೆ ಆ ಗುಂಪನ್ನು ಮತ್ತೆ ಮುಟ್ಟುವುದು ಕಷ್ಟ. ಟೈಮ್ ಟ್ರಯಲಿನಲ್ಲಿ ಅರ್ಧ ನಿಮಿಷದ ಹಿನ್ನಡೆಯಾಗಿ ಮುಗಿಯುತ್ತಿದ್ದ ಕೊರತೆ ಇಲ್ಲಿ ಇಡೀ ರೇಸನ್ನೇ ಕಸಿದುಕೊಳ್ಳುತ್ತದೆ.

ಆದರೆ ವಯಸ್ಸೊಂದನ್ನೇ ನಂಬಿದರೆ ಎರಡು ಕಡೆ ಎಡವುತ್ತೇವೆ. ಮೊದಲನೆಯದು ಮಂದಿಯ ಕೊರತೆ. ಎಪ್ಪತ್ತರ ನಂತರ ದೇಹ ಬೇಗ ಬೇಗ ಇಳಿಯುವುದರಿಂದ ಗುಂಪುಗಳು ಇನ್ನೂ ಕಿರಿದಾಗಬೇಕು, ಅಷ್ಟರಲ್ಲಿ ರೇಸಿಗೆ ಬರುವವರೇ ಕಡಿಮೆಯಾಗಿರುತ್ತಾರೆ. ಸಂಘಟಕರು ಬೇರೆ ದಾರಿಯಿಲ್ಲದೆ ಎರಡು ಮೂರು ಗುಂಪು ಕೂಡಿಸಿದರೆ ನ್ಯಾಯ ಅಲ್ಲಿಗೇ ಕೆಟ್ಟಿತು. ಎರಡನೆಯದು, ತರಬೇತಿ ವಯಸ್ಸನ್ನು ಸುಳ್ಳು ಮಾಡಬಲ್ಲದು. ಫ್ರಾನ್ಸಿನ ರಾಬರ್ಟ್ ಮಾರ್ಷಾಂ ನೂರನೇ ವಯಸ್ಸಿನಲ್ಲಿ, 2012ರಲ್ಲಿ, ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. ಅವರೊಬ್ಬರಿಗಾಗಿಯೇ ಹೊಸ ವಯೋಗುಂಪು ಮಾಡಬೇಕಾಯಿತು. ಎರಡು ವರ್ಷ ಕಳೆದು, ಇನ್ನೂ ಮುದುಕರಾಗಿ, 26.92 ಕಿ.ಮೀ. ತುಳಿದರು. ಅವರಿಗೆ ಕ್ರಮಬದ್ಧ ತರಬೇತಿ ಕೊಟ್ಟ ಶರೀರವಿಜ್ಞಾನಿ ವೆರೊನಿಕ್ ಬಿಲ್ಲಾ, ದೇಹದ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ (ದೇಹತೂಕದ ಪ್ರತಿ ಕಿಲೋಗೆ, ನಿಮಿಷಕ್ಕೆ) 31 ಮಿ.ಲೀ.ನಿಂದ 35 ಮಿ.ಲೀ.ಗೆ ಏರಿದ್ದನ್ನು ದಾಖಲಿಸಿದ್ದಾರೆ. ಜನನಪತ್ರ ನೋಡಿ ಕಾಲಿನ ಕಸುವು ಹೇಳಲಾಗದು.

ಹಾಗಾಗಿ ವಯಸ್ಸು ಹಿರಿಯರ ರೇಸಿಗೆ ಪ್ರವೇಶದ ಅರ್ಹತೆಯಾಗಿರಲಿ, ಒಳಗೆ ಬಂದ ಮೇಲೆ ಗುಂಪನ್ನು ಸಾಮರ್ಥ್ಯವೇ ತೀರ್ಮಾನಿಸಲಿ ಎಂಬುದು ನನ್ನ ವಾದ. ಆಸ್ಟ್ರೇಲಿಯಾದ ಹಿರಿಯರ ಕ್ಲಬ್ಬುಗಳಲ್ಲಿ ಎ, ಬಿ, ಸಿ, ಡಿ ದರ್ಜೆಗಳು ಹೀಗೇ ನಡೆಯುತ್ತವೆ. ಅರವತ್ತೈದರ ಗಟ್ಟಿ ಸವಾರ ನಲವತ್ತರವರ ನಡುವೆ ತುಳಿದರೂ ಯಾರಿಗೂ ಅನ್ಯಾಯವಿಲ್ಲ. ಜನನ ದಿನಾಂಕ ಬಚ್ಚಿಡಲಾಗದು, ಸಾಮರ್ಥ್ಯವನ್ನಾದರೆ ಬಚ್ಚಿಟ್ಟು ಕೆಳದರ್ಜೆಯಲ್ಲಿ ಬಹುಮಾನ ಬಾಚುವವರಿದ್ದಾರಲ್ಲ ಎಂಬ ಆಕ್ಷೇಪ ನಿಜವೇ. ಅದಕ್ಕೆ ಮದ್ದು ಬ್ರಿಟನ್ನಿನ ಅಂಕ ಪದ್ಧತಿಯಲ್ಲಿದೆ. ಅಲ್ಲಿ ನಾಲ್ಕನೇ ದರ್ಜೆಯವನು 12 ಅಂಕ ಗಳಿಸಿದರೆ ಮೂರನೆಯದಕ್ಕೆ, ಅಲ್ಲಿಂದ 40 ಗಳಿಸಿದರೆ ಎರಡನೆಯದಕ್ಕೆ ಏರಬೇಕು. ಗೆದ್ದರೆ ಬಡ್ತಿ ತಪ್ಪದು, ಸೋತರೆ ಬಹುಮಾನವಿಲ್ಲ. ಆದರೆ ಹಿರಿಯರಿಗೆ ಇಳಿಯುವ ಮೆಟ್ಟಿಲೂ ಅಷ್ಟೇ ಸಲೀಸಾಗಿರಬೇಕು. ಕಾಯಿಲೆ ಬಿದ್ದು ಎದ್ದವನು ಹಳೆಯ ದರ್ಜೆಯಲ್ಲೇ ಸಿಕ್ಕಿಕೊಂಡರೆ ಎರಡು ಸಲ ಸೋತು ಮೂರನೇ ರೇಸಿಗೆ ಬರುವುದಿಲ್ಲ. ದರ್ಜೆ ಮಾಡುವಷ್ಟೂ ಜನ ಸೇರದ ಊರುಗಳಲ್ಲಿ 1895ರಲ್ಲಿ ಶುರುವಾದ ಆಸ್ಟ್ರೇಲಿಯಾದ ಮೆಲ್ಬರ್ನ್–ವಾರ್ನಾಂಬೂಲ್ ರೇಸ್ ಬಹುಕಾಲ ಹಿಡಿದಿದ್ದ ದಾರಿ ಇದ್ದೇ ಇದೆ: ನಿಧಾನದವರನ್ನು ಮೊದಲು ಬಿಡುವುದು, ಚುರುಕಾದವರು ಅವರನ್ನು ಅಟ್ಟಿಸಿಕೊಂಡು ಬರುವುದು.